ಸುಂದರಪ್ಪನ ಹನ್ನೊಂದನೇ ದಿನದ ಉಪವಾಸ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನಾನು ವಾಡಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಹತ್ತು ಹಾಸಿಗೆ, ಇಬ್ಬರು ನರ್ಸು, ದಿನಕ್ಕೆ ಎರಡು ಸಲ ಒರೆಸಿದರೂ ಕಿಟಕಿಯ ಮೇಲೆ ಕೂರುವ ಸಿಮೆಂಟ್ ಕಾರ್ಖಾನೆಯ ಧೂಳು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆಟೋದಿಂದ ಸುಂದರಪ್ಪನನ್ನು ಎತ್ತಿಕೊಂಡು ತಂದರು. ಅರವತ್ಮೂರು ವರ್ಷ, ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ದುಡಿದು ನಿವೃತ್ತನಾದವನು, ಸಕ್ಕರೆ ಕಾಯಿಲೆಗೆ ನನ್ನದೇ ಚಿಕಿತ್ಸೆ.

"ಡಾಕ್ಟರ್ ಸಾಬ್ರ, ನಮ್ಮಪ್ಪ ಎಚ್ಚರಾನೇ ಆಗವಲ್ರು," ಎಂದು ಮಗಳು ಸುಶೀಲಾ ಬಾಗಿಲಲ್ಲೇ ಕೂಗಿದಳು.

ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಮೂವತ್ನಾಲ್ಕು. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಅಪಾಯ. ಮೂವತ್ತರ ಹತ್ತಿರ ಬಹಳ ಹೊತ್ತು ಉಳಿದರೆ ಮಿದುಳಿಗೆ ಕಾಯಂ ಪೆಟ್ಟು ಬೀಳುತ್ತದೆ. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸಿನ ನೀರು ಕೊಟ್ಟೆವು. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟ. ಕೈಗೆ ಚುಚ್ಚಿದ್ದನ್ನು ನೋಡಿದ, ಮೇಲೆ ತೂಗುತ್ತಿದ್ದ ಬಾಟಲಿ ನೋಡಿದ.

"ಇದೇನ್ರಿ ಹಾಕಿದ್ರಿ?"

"ಗ್ಲೂಕೋಸು."

"ನನ್ನ ಉಪವಾಸ ಮುರದ್ರಲ್ಲರಿ!" ಎಂದವನೇ ಸೂಜಿ ಕಿತ್ತೆಸೆದ.

ಸುಶೀಲಾ ಅಳುತ್ತ ಹೇಳಿದಳು. ಹಿಂದಿನ ವರ್ಷ ಅವಳ ತಾಯಿ ತೀರಿಕೊಂಡಾಗ ಇವನು ಉಂಡು ಮಲಗಿದ್ದನಂತೆ, ಕೊನೆಯ ಉಸಿರು ಇವನಿಗೆ ತಿಳಿಯಲೇ ಇಲ್ಲ. ಆ ಕೊರಗಿಗೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸ ಹಿಡಿದಿದ್ದ. ಮೊದಲು ಸಂಜೆ ಒಂದು ರೊಟ್ಟಿ ತಿನ್ನುತ್ತಿದ್ದ. ಎರಡು ದಿನದಿಂದ ಬರೀ ನೀರು. ಅಂದು ಹನ್ನೊಂದನೇ ದಿನ.

"ಗುಳಿಗೆ ಬಿಟ್ಟಿದ್ದೀರಲ್ಲ?" ಎಂದೆ.

"ಗುಳಿಗಿ ಬಿಟ್ಟಿಲ್ರಿ. ಔಷಧ ಊಟ ಅಲ್ಲಲ್ಲ. ಊಟ ತಪ್ಪಿದ್ರೂ ಗುಳಿಗಿ ತಪ್ಪಬಾರದು ಅಂತ ನೀವೇ ಅಂದಿದ್ರಿ."

ಅಂದಿದ್ದೆ, ನೂರಾರು ಮಂದಿಗೆ ಅಂದಿದ್ದೆ. ಅವನು ನುಂಗುತ್ತಿದ್ದದ್ದು ಗ್ಲಿಬೆನ್‌ಕ್ಲಮೈಡ್. ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಅದು ಇಡೀ ದಿನ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಬೆಳಿಗ್ಗೆ ನುಂಗಿದ್ದು ಇನ್ನೂ ಮೈಯಲ್ಲಿತ್ತು. ಬಾಟಲಿಯಿಂದ ನೂರಾ ಹದಿನೆಂಟಕ್ಕೆ ಏರಿದ್ದ ಸಕ್ಕರೆ ಮುಕ್ಕಾಲು ಗಂಟೆಯಲ್ಲಿ ಎಪ್ಪತ್ತೊಂಬತ್ತಾಯಿತು. "ಸಹಿ ಮಾಡಿಕೊಡ್ತೀನಿ, ಮನಿಗೆ ಬಿಡ್ರಿ," ಎಂದು ಅವನ ಹಟ. ಬುದ್ಧಿ ಸ್ತಿಮಿತದಲ್ಲಿರುವ ಮನುಷ್ಯನಿಗೆ ಬಲವಂತ ಮಾಡುವ ಹಾಗಿಲ್ಲ. ಮನೆಗೆ ಹೋಗಿ ಮಲಗಿದರೆ ಏಳುವುದಿಲ್ಲ ಎಂದು ನನಗೆ ಖಾತ್ರಿ ಇತ್ತು.

ಸುಶೀಲಾ ಫೋನು ಮಾಡಿ ಕರೆಸಿದವರು ಪಕ್ಕದ ಊರು ಶಹಾಬಾದಿನ ದಾವೀದಪ್ಪ ಅಯ್ಯನವರು. ಸುಂದರಪ್ಪನಿಗೆ ಚಿಕ್ಕಂದಿನಿಂದ ಧರ್ಮಪಾಠ ಹೇಳಿದ ಪಾದ್ರಿ, ಎಂಬತ್ತೊಂದು ವರ್ಷ. ಅವರು ಬರುವ ಹೊತ್ತಿಗೆ ಸಕ್ಕರೆ ಅರವತ್ತಾರು.

"ಆದಿಕಾಲದ ನಮ್ಮ ಕ್ರೈಸ್ತ ಸನ್ಯಾಸಿಗಳು ಮರುಭೂಮಿಯೊಳಗ ಒಣರೊಟ್ಟಿ, ಉಪ್ಪು, ನೀರಿನ ಮ್ಯಾಲ ಬದುಕಿದ್ರು," ಎಂದು ಸುಂದರಪ್ಪನೇ ಶುರು ಮಾಡಿದ. "ಮೈ ಸೊರಗಿದಷ್ಟು ಆತ್ಮ ಬಲೀತದ ಅಂದ್ರು. ನೀವೇ ಕಲಿಸಿದ್ದು, ಅಯ್ಯನೋರೇ."

"ಕಲಿಸೀನಿ. ಅದೇ ಕಾಲದಾಗ ಬ್ಯಾರೆ ಹಿರಿಯರು ಊರ ಹೊರಗ ರೋಗಿಗಳಿಗೆ ಮನಿ ಕಟ್ಟಿದ್ರು, ವೈದ್ಯರನ್ನಿಟ್ರು, ಉಣಿಸಿದ್ರು. ಮೈನೂ ದೇವರದೇ, ವೈದ್ಯನ ವಿದ್ಯಾನೂ ದೇವರದೇ ಅಂದ್ರು. ಅದನ್ನೂ ಕಲಿಸಿದ್ನಲ್ಲೋ?"

"ಅವರ ದಾರಿ ಅವರದು. ನಾ ಹಿಡಿದದ್ದು ಇದು."

ಒಂದು ಧರ್ಮಕ್ಕೆ ಒಂದೇ ಮಾತು ಇರುತ್ತದೆ ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಸುಂದರಪ್ಪನ ಹಣೆಯಲ್ಲಿ ಬೆವರೊಡೆಯಿತು, ಕೈ ನಡುಗತೊಡಗಿತು. ಮತ್ತೆ ಬೆರಳು ಚುಚ್ಚಿದರೆ ಐವತ್ನಾಲ್ಕು. ಇನ್ನರ್ಧ ತಾಸಿನಲ್ಲಿ ಮಾತು ತೊದಲುತ್ತದೆ, ಆಮೇಲೆ ಯಾವ ವಾದವೂ ಅವನ ಕಿವಿಗೆ ಬೀಳುವುದಿಲ್ಲ.

ಅಯ್ಯನವರು ವಾದ ಬಿಟ್ಟರು. ಚಪ್ಪಲಿ ಕಳಚಿ ಮಂಚದ ತುದಿಗೆ ಕೂತರು.

"ಸುಂದರಾ, ಮುಂಜಾನೆ ಬರೇ ಚಾ ಕುಡಿದೀನಿ. ಹಸಿವಾಗ್ಯಾದ. ಉಣ್ಣಲಿಕ್ಕ ಏನರ ಅದ ಏನು?"

ಸುಶೀಲಾ ತನಗೆಂದು ಮನೆಯಿಂದ ತರಿಸಿಕೊಂಡಿದ್ದ ಡಬ್ಬಿ ತೆಗೆದಳು. ರೊಟ್ಟಿ, ತೊಗರಿಬೇಳೆ, ಎರಡು ಬಾಳೆಹಣ್ಣು.

"ಉಣ್ರಿ ಅಯ್ಯನೋರೇ," ಎಂದ ಸುಂದರಪ್ಪ.

"ಒಬ್ಬನೇ ಉಣ್ಣಂಗಿಲ್ಲ. ನಿನ್ನ ಆ ಮರುಭೂಮಿ ಹಿರಿಯರ ಗುಡಿಸಲಿಗೆ ಯಾರರ ಬಂದ್ರ ಅವರು ಏನ್ ಮಾಡ್ತಿದ್ರು? ಹೇಳು, ನಿನಗ ಬಾಯಿಪಾಠ ಅದ."

ಸುಂದರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅತ್ತಲೇ ನೋಡುತ್ತ ಹೇಳಿದ: "ಉಪವಾಸ ಬಿಟ್ಟು ಬಂದವರ ಜೋಡಿ ಉಣ್ತಿದ್ರು."

"ಯಾಕ?"

"ಉಪವಾಸ ನಾಳಿನೂ ಹಿಡೀಬಹುದು. ಬಂದವರು ನಾಳಿ ಇರಂಗಿಲ್ಲ."

"ಮತ್ತ? ಎಂಬತ್ತೊಂದು ವರ್ಷದ ಮುದುಕನ್ನ ಹಸಿದ ಹೊಟ್ಟಿಲೆ ಕಳಸ್ತೀಯೇನು?"

ಸುಂದರಪ್ಪ ನಡುಗುವ ಕೈಯಿಂದಲೇ ಬಾಳೆಹಣ್ಣು ಸುಲಿದ. ಮೊದಲನೆಯದನ್ನು ಅಯ್ಯನವರಿಗೆ ಕೊಟ್ಟ, ಎರಡನೆಯದನ್ನು ತಾನು ತಿಂದ. ನಾನು ಓಡಿಹೋಗಿ ಸಕ್ಕರೆ ತುಂಬ ಹಾಕಿಸಿ ಚಹಾ ತಂದೆ. ಅರ್ಧ ಗಂಟೆಗೆ ತೊಂಬತ್ತೆರಡು. ಆಮೇಲೆ ಬಾಟಲಿ ಏರಿಸಲೂ ಒಪ್ಪಿದ. ಮರುದಿನದವರೆಗೂ ಬಿಡದೆ ಕಾದೆವು.

ಮನೆಗೆ ಹೋಗುವಾಗ ಅವನು ಮೆತ್ತಗಾಗಿದ್ದನೆಂದು ತಿಳಿಯಬೇಡಿ. "ಬರೋ ವರ್ಷ ಮತ್ತ ಹಿಡೀತೀನ್ರಿ," ಎಂದ. ಹಿಡಿಯಿರಿ, ಒಂದು ವಾರ ಮೊದಲು ನನ್ನ ಹತ್ತಿರ ಬನ್ನಿ, ಗುಳಿಗೆ ಬದಲಿಸೋಣ ಎಂದೆ. ಮುಂದಿನ ವರ್ಷ ಬಂದ ಕೂಡ.

ಅವನ ಪ್ರಾಣಕ್ಕೆ ಎರವಾಗಲಿದ್ದುದು ಅವನ ಭಕ್ತಿಯೊಂದೇ ಅಲ್ಲ, ಅವನು ಕೇಳಿದ ನನ್ನ ಮಾತು ಕೂಡ. ಅಂದಿನಿಂದ, ನಿವೃತ್ತಿಯಾದ ಮೇಲೂ, ಶ್ರಾವಣ ಸೋಮವಾರದವರು ಬರಲಿ, ರೋಜಾ ಹಿಡಿಯುವವರು ಬರಲಿ, ಮೊದಲು ಕೇಳುವ ಪ್ರಶ್ನೆ ಒಂದೇ: ವರ್ಷದಲ್ಲಿ ಯಾವ ಯಾವ ದಿನ ಉಣ್ಣುವುದಿಲ್ಲ? ಉತ್ತರ ಬರೆದುಕೊಂಡ ಮೇಲೆಯೇ ಗುಳಿಗೆಯ ಹೆಸರು ಬರೆಯುತ್ತೇನೆ.