ಚಿಗವ್ವನ ಎಲುಬು ತಿಂದವರು

ನಮ್ಮ ಕಡೆಯ ಹೆಂಗಸರು ಗರ್ಭಕೋಶ ಅನ್ನುವುದಿಲ್ಲ, ಚೀಲ ಅನ್ನುತ್ತಾರೆ. ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಾಗ ಒಬ್ಬಳು "ನಾನೂ ಚೀಲ ತೆಗಿಸೇನಿ, ಆರಾಮ ಆತು ನೋಡ" ಅಂದರೆ, ತಲೆಮೇಲಿನ ಜೋಳದ ಚೀಲ ಇಳಿಸಿದಷ್ಟೇ ಹಗುರಾಗಿ ಕೇಳುತ್ತದೆ. ನಿಡೋಣಿಗೆ ಕೊಟ್ಟಿದ್ದ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಮೂವತ್ತೈದು ತುಂಬುವ ಮೊದಲೇ ಚೀಲ ತೆಗೆಸಿದಳು. ವಿಪರೀತ ರಕ್ತ ಹೋಗುತ್ತಿತ್ತು, ದ್ರಾಕ್ಷಿ ತೋಟದ ಕೆಲಸ ತಪ್ಪುತ್ತಿತ್ತು. "ಮಕ್ಕಳಾಗೂದು ಮುಗೀತು, ಇನ್ನ ಅದನ್ನ ಇಟಗೊಂಡು ಏನ ಪೂಜಿ ಮಾಡ್ತಿ?" ಎಂದಿದ್ದಳು ಅವಳ ಅತ್ತೆ.

ಚಿಗವ್ವ ಎತ್ತರದ ಹೆಂಗಸು. ಅವಳ ಗಂಡ, ನಮ್ಮ ಕಾಕಾನಿಗಿಂತ ನಾಲ್ಕು ಬೆರಳು ಮೇಲೆಯೇ. ಬಾಗಿಲಲ್ಲಿ ಅವಳು ನಿಂತರೆ ಒಳಗೆ ಕತ್ತಲಾಗುತ್ತದೆ ಎಂದು ಅತ್ತೆ ಗೊಣಗುವುದು, "ಕಂಬಾ ಇಲ್ಲಂದ್ರ ಮಾಳಿಗಿ ಬೀಳತೈತಿರಿ" ಎಂದು ಚಿಗವ್ವ ನಗುವುದು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಎತ್ತರ ಒಂದೇ. ಅದನ್ನು ಯಾರೂ ಕಸಿದುಕೊಳ್ಳಲಾರರು ಎಂದು ನಾವೆಲ್ಲ ತಿಳಿದಿದ್ದೆವು.

ಚೀಲ ತೆಗೆಸಿ ಏಳೆಂಟು ವರ್ಷವಾಗಿರಬೇಕು. ತಿಕೋಟಾದ ಹತ್ತಿರ ಕಾಕಾ ಪಾಲಿಗೆ ಮಾಡಿದ್ದ ತೋಟದ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಬುಟ್ಟಿ ಎತ್ತಲು ಬಾಗಿದವಳಿಗೆ ಬೆನ್ನಲ್ಲಿ ಕಟಕ್ ಎಂದಿತು. ಒಣ ಕಟ್ಟಿಗೆ ಮುರಿದ ಹಾಗೆ, ಪಕ್ಕದವಳಿಗೂ ಕೇಳಿಸಿತಂತೆ. ಎಣ್ಣೆ ತಿಕ್ಕಿದರು, ಇಟ್ಟಂಗಿ ಕಾಸಿ ಶಾಖ ಕೊಟ್ಟರು. ನೋವು ಇಳಿಯಿತು, ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಎಂಬತ್ತರ ಅತ್ತೆ ಬಡಿಗೆಯ ಹಾಗೆ ನೆಟ್ಟಗೆ, ನಲವತ್ತರ ಸೊಸೆ ಮುಂದಕ್ಕೆ ಬಗ್ಗಿ. ಬಂದವರೆದುರು ಮುದುಕಿಗೆ ಅದೇ ಆಟ.

"ಯಾಕ ಬೇ, ಏನ ಹುಡುಕಾಕತ್ತಿ ನೆಲದಾಗ? ಮೂಗಬಟ್ಟು ಬಿದ್ದೈತೇನು?"

ಕೊನೆಗೆ ನಾನೇ ಕಾಕಾ, ಚಿಗವ್ವ ಇಬ್ಬರನ್ನೂ ವಿಜಯಪುರಕ್ಕೆ ಕರೆಸಿ, ಸೊಲ್ಲಾಪುರ ರಸ್ತೆಯ ಒಬ್ಬ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರೂ ನಮ್ಮ ಕಡೆಯವರೇ. ಎಕ್ಸ್‌ರೇ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ಬೆನ್ನಿನ ಒಂದು ಮಣಿ ತುಳಿದ ಡಬ್ಬಿಯ ಹಾಗೆ ಚಪ್ಪಟೆಯಾಗಿತ್ತು.

"ಯವ್ವಾ, ಎಲುಬಂದ್ರ ಕಲ್ಲಲ್ಲ. ಹಳೇದನ್ನ ಕೆಡವೋರು, ಹೊಸಾದನ್ನ ಕಟ್ಟೋರು, ಇಬ್ಬರೂ ಅದರಾಗ ದಿನಾ ದುಡೀತಾರ. ಕೆಡವೋರು ಎಲುಬಿನಾಗ ಹುಟ್ಟಿದವರಲ್ಲ, ರಕ್ತದ ಕುಲದವರು. ಮಜ್ಜೀಯೊಳಗ ಸಣ್ಣ ಕಣ ಆಗಿ ಹುಟ್ಟತಾವು. ಬರ್ರಿ ಅಂತ ಕರಿ ಬಂತಂದ್ರ ನಾಕಾರು ಕೂಡಿ ಒಂದ ದೊಡ್ಡ ಕಣ ಆಗಿ, ಎಲುಬಿಗೆ ಜಿಗಣಿ ಹಂಗ ಹತ್ತಿ, ಆ್ಯಸಿಡ್ ಬಿಟ್ಟು ಕರಗಿಸಿ ತಿಂತಾವು."

"ಯಾರ ಕರಿಯೂದ್ರಿ ಅವನ್ನ?" ಎಂದಳು ಚಿಗವ್ವ.

"ಕಟ್ಟೋ ಗೌಂಡಿನ ಕರೀತಾನ. ಸಾಕು ಅನಿಸಿದ್ರ ಕರಿಯೂದನ್ನ ತಡಿಯಾಂವನೂ ಅವನ. ಈ ಗೌಂಡಿ ಹದ್ದುಬಸ್ತಿನಾಗ ಇರೂದು ಹೆಣ್ಣಿನ ಹಾರ್ಮೋನಿನ ಅಂಜಿಕಿಂದ. ಅದಿದ್ರ ಕರಿ ಕಡಿಮಿ, ತಿನ್ನೂವೂ ಹೊತ್ತಿಗೆ ಸರಿಯಾಗಿ ಸಾಯತಾವು. ಅದಿಲ್ಲಂದ್ರ ತಿನ್ನೂವು ಹೆಚ್ಚ ಹುಟ್ಟತಾವು, ಹೆಚ್ಚ ದಿನ ಬದುಕತಾವು. ನಿಮಗ ಮುಟ್ಟು ನಿಂತದ್ದು ಯಾವಾಗ?"

"ಚೀಲ ತೆಗಿಸೇನ್ರಿ."

"ಚೀಲ ತೆಗದ್ರ ಇಷ್ಟ ಆಗೂದಿಲ್ಲ. ಹಾರ್ಮೋನ್ ಬರೂದು ಚೀಲದಿಂದಲ್ಲ, ಆಜೂಬಾಜೂ ಇರೋ ಎರಡ ಅಂಡಾಶಯದಿಂದ. ಅವನ್ನೂ ತೆಗದಾರೇನು?"

ಚಿಗವ್ವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಚೀಲ ಒಂದೇ. ಕಾಕಾ ಕುರ್ಚಿಯ ಮೇಲೆ ಸ್ವಲ್ಪ ಸರಿದು ಕೂತ.

"ಅವತ್ತ ಡಾಕ್ಟರು ಹೊರಗ ಬಂದು ಕೇಳಿದ್ರು, ಅವು ಚಲೋ ಅದಾವು, ಬಿಡೂಣೋ ತಗಿಯೂಣೋ ಅಂತ. ಮತ್ತ ಮತ್ತ ಯಾರು ಬರತಾರ್ರಿ, ಎಲ್ಲಾ ಸಾಫ್ ಮಾಡಿಬಿಡ್ರಿ ಅಂದೆ."

ಬಾವಿಯ ಹೂಳು ತೆಗೆಯಲು ಹೇಳುವಾಗ ಬರುವುದೂ ಅದೇ ಮಾತು, ಅದೇ ದನಿ. ಚಿಗವ್ವ ಅವನ ಕಡೆ ತಿರುಗಲಿಲ್ಲ. ಡಾಕ್ಟರನ್ನೇ ಕೇಳಿದಳು: "ನೆಟ್ಟಗ ನಿಂದರಾಕ ಬರತೈತೇನ್ರಿ ಸಾಹೇಬ್ರ?"

"ಕುಸದಿದ್ದು ಏಳೂದಿಲ್ಲ, ತಾಯಿ. ಉಳದಿದ್ದನ್ನ ಉಳಿಸೂಣು. ಆರ ತಿಂಗಳಿಗೊಮ್ಮೆ ಒಂದ ಸೂಜಿ. ಗೌಂಡಿ ಕರಿಯೂದು ಆ ಕಣಗಳಿಗೆ ಮುಟ್ಟದಂಗ ಮಾಡತೈತಿ." ಆಮೇಲೆ ಕಾಕಾನ ಕಡೆ ಬೆರಳು ತೋರಿಸಿದರು. "ತಪ್ಪಿಸಿದ್ರ ಮಾತ್ರ ಕೆಡತೈತಿ. ತಡದಿಟ್ಟ ಕಣ ಎಲ್ಲಾ ಒಮ್ಮೆಲೆ ಎದ್ದು, ಮೊದಲಿಗಿಂತ ಜೋರಾಗಿ ತಿಂತಾವು."

ಎರಡು ಸಲ ಸೂಜಿ ಬಿತ್ತು. ಚಿಗವ್ವ ಗೋಡೆಗೆ ಬೆನ್ನು ಹಚ್ಚಿ ನಿಂತು, ತಲೆ ಮುಟ್ಟುವಲ್ಲಿ ಮಗಳ ಕೈಯಿಂದ ಸುಣ್ಣದಲ್ಲಿ ಗೆರೆ ಹಾಕಿಸುತ್ತಿದ್ದಳು. ಗೆರೆ ಕೆಳಗಿಳಿದಿರಲಿಲ್ಲ. ಮುದುಕಿ ಅದನ್ನೂ ಬಿಡಲಿಲ್ಲ: "ಸಾಲಿ ಹುಡುಗರಂಗ ಬೆಳಿಯಾಕತ್ಯಾಳ ನಮ್ಮ ಸೊಸಿ!"

ಮೂರನೆಯ ಸೂಜಿಯ ಹೊತ್ತಿಗೆ ಒಣದ್ರಾಕ್ಷಿಯ ಹಂಗಾಮು ಬಂತು. ನಾನು ಫೋನ್ ಮಾಡಿದರೆ ಕಾಕಾ, "ಆರಾಮ ಅದಾಳಲೇ, ರೊಟ್ಟಿ ಬಡ್ಯಾಕತ್ಯಾಳ. ಮಾಲ ಒಣಗಲಿ, ಆಮ್ಯಾಲ ಬರ್ತೀವಿ" ಎಂದ. ಬಸ್ಸಿನಲ್ಲಿ ಒಬ್ಬಳೇ ಬಾ ಎಂದು ಚಿಗವ್ವನಿಗೆ ಹೇಳಿದೆ. ಅವಳೂ ಹೊರಟಿದ್ದಳಂತೆ. ಶೆಡ್ಡಿನ ಆಳುಗಳಿಗೆ ಅಡಿಗೆ ಯಾರು ಮಾಡುತ್ತಾರೆ ಎಂದು ಅತ್ತೆ ಬಾಗಿಲಿಗೆ ಅಡ್ಡ ಕೂತಳು.

ಹಂಗಾಮು ಮುಗಿಯಿತು. ಮಳೆ ಬಿದ್ದು ಬಿತ್ತನೆಯೂ ಆಯಿತು. ಆಮ್ಯಾಲ ಎಂದದ್ದು ಬರಲೇ ಇಲ್ಲ. ಒಂದು ಮುಂಜಾನೆ ಒಗ್ಗರಣೆಯ ಘಾಟಿಗೆ ಚಿಗವ್ವ ಸೀನಿದಳು. ಸೀನಿದ್ದು ಅಷ್ಟೇ. ಒಂದರ ಮೇಲೊಂದು ಮೂರು ಮಣಿ ಕುಸಿದವು. ಬಬಲೇಶ್ವರದಿಂದ ಗಾಡಿ ತರಿಸಿ, ಹಾಸಿಗೆ ಸಮೇತ ವಿಜಯಪುರಕ್ಕೆ ಹೊತ್ತು ತಂದರು. ಫೋಟೋ ನೋಡಿದ ಡಾಕ್ಟರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಅವಳು ನಡೆಯುತ್ತಾಳೆ, ಸೊಂಟಕ್ಕೆ ಮುರಿದ ಹಾಗೆ. ಎದುರಿಗೆ ನಿಂತವರ ಮೊಣಕಾಲು ಕಾಣುತ್ತದೆ, ಅದಕ್ಕಿಂತ ಮೇಲೆ ಕಾಣುವುದಿಲ್ಲ. ಮಾತಾಡಬೇಕಾದರೆ ನಾವೇ ಕೆಳಗೆ ಕೂರಬೇಕು. ಹೋದ ಸಲ ನಾನು ನಿಡೋಣಿಗೆ ಹೋದಾಗ, ಒಲೆಯ ಮುಂದೆ ನೆಲಕ್ಕೆ ಕೂತೇ ಅವಳ ಜೊತೆ ಹರಟುತ್ತಿದ್ದೆ. ಕಾಕಾ ಹೊಲದಿಂದ ಬಂದ. ಅವನೂ ಮೆತ್ತಗಾಗಿದ್ದಾನೆ. ಮೊಣಕಾಲು ಮಡಚಿ ಅವಳೆದುರು ಕೂರಲು ಹೋದ.

"ನಿಂತ ಮಾತಾಡ್ರಿ" ಎಂದಳು ಚಿಗವ್ವ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ಕೂತ್ರ ನಿಮ್ಮ ಮಾರಿ ಕಾಣತೈತಿ."

ಅರ್ಧ ಬಗ್ಗಿದ್ದ ಕಾಕಾ ಮತ್ತೆ ನೆಟ್ಟಗೆ ನಿಂತ.