ಕಪ್ಪು ತಲೆಯ ಹಸಿರು ತಿಗಣೆ

ತಂಗಿಯ ಫೋನು ಬಂದಾಗ ನಾನು ನಾರಾಯಣಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಟೊಮೆಟೊ ಗಿಡದ ಎಲೆ ಮಗುಚಿ ನೋಡುತ್ತಿದ್ದೆ. ದಸರೆ ಮುಗಿದಿತ್ತು. ಭತ್ತ ಹಾಲುಗಟ್ಟುವ ಕಾಲ.

"ಅಕ್ಕಾ, ನೆಲ್ಲಿಗೆ ದೋಮ ಬಿದ್ದೈತಿ. ನಾಳಿ ಮುಂಜಾನಿ ಎಣ್ಣಿ ಹೊಡ್ಯಾಕ ಆಳು ಬರ್ತಾನ, ಅತ್ತಿ ಹೇಳಿ ಕಳಿಸ್ಯಾಳ. ಆದ್ರ ನಂಗ್ಯಾಕೋ ಅನುಮಾನ."

ನೆಲ್ಲು ಎಂದರೆ ಭತ್ತ; ಅದರಲ್ಲಿ ಹಾರುವ, ಜಿಗಿಯುವ, ರಸ ಹೀರುವ ಸಣ್ಣ ಹುಳಕ್ಕೆಲ್ಲ ನಮ್ಮ ಕಡೆ ದೋಮ ಎಂದೇ ಹೆಸರು. ತೆಲುಗಿನವರ ಮಾತು, ನಮ್ಮದೂ ಆಗಿದೆ. ಅದನ್ನು ಕೊಲ್ಲುವ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ದೋಮ ಬಿತ್ತು, ಎಣ್ಣೆ ಹೊಡೆ. ಯಾವ ದೋಮ ಎಂದು ಯಾರೂ ಕೇಳುವುದಿಲ್ಲ.

"ಏನ ಅನುಮಾನ, ಹೇಳು."

"ಎರಡು ನಮೂನಿ ಹುಳ ಅದಾವು. ಕೆಂಪಂದು ಬುಡದಾಗ ಸುಮ್ನ ಕುಂತೈತಿ. ಹಸರಂದು ಕುಂದ್ರಂಗಿಲ್ಲ, ದಂಟು ಹಿಡಿದು ಓಡಾಡ್ತೈತಿ, ಏನೋ ಹುಡುಕಿದಂಗ. ಅದರ ತಲಿ ಕರ್ರಗೈತಿ."

ತಲೆ ಕಪ್ಪು ಎಂದದ್ದಕ್ಕೆ ನಾನು ಕೈಯಲ್ಲಿದ್ದ ಎಲೆ ಬಿಟ್ಟೆ. "ನಾ ಬರೋ ತನಕ ಹೊಡಿಸಬ್ಯಾಡ" ಎಂದು ಬಾಯಿಂದ ಬಂದುಬಿಟ್ಟಿತು. ಫೋನು ಇಟ್ಟ ಮೇಲೆಯೇ ಯೋಚನೆ ಬಂತು. ತಂಗಿ ಕೆಂಪು ಎಂದದ್ದು ಕಂದು ಜಿಗಿಹುಳು ಇರಬೇಕು, ಅದು ಹೆಚ್ಚಾದರೆ ಗದ್ದೆ ದುಂಡನೆಯ ಕಲೆಗಳಾಗಿ ಒಣಗುತ್ತದೆ. ಬೆಂಕಿ ಬಿದ್ದ ಹಾಗೆಯೇ ಕಾಣುತ್ತದೆ. ನಾನು ನೋಡದ ಹುಳದ ಮೇಲೆ ಮಾತು ಆಡಿದ್ದೆ. ಗದ್ದೆ ನನ್ನದಲ್ಲ, ತಂಗಿಯದು.

ಅವಳ ಊರು ಧರೂರಿನ ಹತ್ತಿರ, ಜುರಾಲಾ ಕಾಲುವೆಯ ನೀರಿನ ಕೆಳಗೆ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮೊದಲ ಸಲ ಆ ವರ್ಷದ ಬೆಳೆ ಪೂರ್ತಿ ಅವಳ ಕೈಗೆ ಬಂದಿತ್ತು. ಅತ್ತೆ ಕುರಿ ಕಾಯುವ ಮನೆತನದವರು. ಅರ್ಧ ಆಯುಷ್ಯ ಹಿಂಡಿನ ಹಿಂದೆ ನಡೆದವರು, ಕಾಲುವೆ ಬಂದ ಮೇಲೆ ಭತ್ತ ಕಲಿತವರು. ಸೊಸೆ ಬೆಳೆ ಉಳಿಸಿದರೆ ಮುಂದಿನ ವರ್ಷವೂ ಅವಳ ಮಾತು ನಡೆಯುತ್ತದೆ. ಕೆಡಿಸಿದರೆ ಆ ಮನೆಯಲ್ಲಿ ಗದ್ದೆಯ ವಿಷಯಕ್ಕೆ ಅವಳು ಮತ್ತೆ ಬಾಯಿ ತೆರೆಯುವ ಹಾಗಿರಲಿಲ್ಲ. ಇದು ನನಗೆ ಗೊತ್ತಿತ್ತು.

ಮರುದಿನ ಮೊದಲ ಬಸ್ಸಿಗೆ ಹೊರಟೆ. ನಾನು ಪಾಠ ಹೇಳುವ ಕಾಲೇಜು ಮಕ್ತಲ್‌ನಲ್ಲಿದೆ. ರಜೆ ಹೇಳಿ ಅಲ್ಲೇ ಬಸ್ಸು ಬದಲಿಸಿದೆ. ಪ್ರಾಣಿಶಾಸ್ತ್ರದ ಜೊತೆಗೆ ನಾನು ವರ್ಷಗಳಿಂದ ಹಿಡಿದುಕೊಂಡು ಬಂದದ್ದು ಸಸ್ಯ ತಿಗಣೆಗಳನ್ನು. ಹಾಸಿಗೆಯ ತಿಗಣೆಯ ದೂರದ ಬಳಗ, ಆದರೆ ಗಿಡಗಳ ಮೇಲೆ ಬದುಕುವವು. ಅಕ್ಕಿಕಾಳಿನಷ್ಟು ಉದ್ದದವು, ಅದಕ್ಕಿಂತ ಚಿಕ್ಕವೂ ಇವೆ. ತಿಗಣೆಗಳ ಕುಟುಂಬಗಳಲ್ಲೆಲ್ಲ ಇದೇ ದೊಡ್ಡದು. ಜಗತ್ತಿನಲ್ಲಿ ಈವರೆಗೆ ಗುರುತಿಸಿದ ಬಗೆಗಳೇ ಹತ್ತು ಸಾವಿರ ದಾಟಿವೆ.

ಅವನ್ನು ಗುರುತಿಸುವುದು ಹೇಗೆ ಎಂದು ಮಕ್ಕಳು ಕೇಳಿದರೆ ನಾನು ಗದ್ವಾಲ್ ಸೀರೆ ತೋರಿಸುತ್ತೇನೆ. ಅದರ ಮೈ ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸೇರಿಸಿರುತ್ತಾರೆ. ತಿಗಣೆಯ ಮುಂದಿನ ರೆಕ್ಕೆಯೂ ಹಾಗೆಯೇ, ಬುಡ ಗಟ್ಟಿ, ತುದಿ ತೆಳುವಾದ ಪೊರೆ. ಜಿಗಿಹುಳುವಿನ ರೆಕ್ಕೆಯಲ್ಲಿ ಈ ಎರಡು ಬಗೆ ಇಲ್ಲ. ಸಸ್ಯ ತಿಗಣೆಯಲ್ಲಿ ಗಟ್ಟಿ ಭಾಗ ಮುಗಿಯುವಲ್ಲಿ, ಹೊರಅಂಚಿಗೆ, ಇನ್ನೊಂದು ಸಣ್ಣ ತ್ರಿಕೋನವಿರುತ್ತದೆ. ಅಲ್ಲಿ ಒಂದು ಮಡಿಕೆ ಬಿದ್ದು ರೆಕ್ಕೆಯ ತುದಿ ಕೆಳಗೆ ಬಾಗಿರುತ್ತದೆ. ಜೊತೆಗೆ, ಬೇರೆ ಎಷ್ಟೋ ತಿಗಣೆಗಳ ನೆತ್ತಿಯ ಮೇಲೆ ಇರುವ ಚುಕ್ಕಿಗಣ್ಣು ಇವುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ.

ಒಂದೇ ಕುಟುಂಬ, ನಡತೆ ಮಾತ್ರ ಬೇರೆ ಬೇರೆ. ಗದ್ವಾಲ್ ಸುತ್ತಿನ ಬೀಜದ ಹತ್ತಿ ಹೊಲಗಳಲ್ಲಿ ಹೆಂಗಸರು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಕೂಡಿಸುತ್ತಾರೆ; ಅಲ್ಲಿ ಇದರ ಉದ್ದ ಕಾಲಿನ ಬಳಗವೊಂದು ಮೊಗ್ಗಿನ ರಸ ಹೀರಿ, ಕೈ ತಾಕುವ ಮೊದಲೇ ಉದುರಿಸಿಬಿಡುತ್ತದೆ. ನನ್ನ ಹಿತ್ತಲಿನ ಟೊಮೆಟೊದಲ್ಲಿರುವುದು ಬಿಳಿನೊಣ ತಿನ್ನುತ್ತದೆ, ನೊಣ ಮುಗಿದರೆ ಗಿಡದ ಎಳೆಯ ದಂಟಿಗೇ ಬಾಯಿ ಹಾಕುತ್ತದೆ. ರಾಜೋಳಿಯ ಹೊಳೆದಂಡೆಯ ಹುಲ್ಲಿನಲ್ಲಿ ಒಂದನ್ನು ನಾನು ಇರುವೆ ಎಂದು ಕೊಡವಿ ಬಿಟ್ಟಿದ್ದೆ. ಅದು ಎಲೆಗೆ ಕೊಕ್ಕು ಚುಚ್ಚಿ ನಿಂತಾಗಲೇ ಇರುವೆಯಲ್ಲ ಎಂದು ತಿಳಿದದ್ದು. ಮಕ್ತಲ್ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯವನು ನನ್ನನ್ನು ಹುಳದ ಮೇಡಂ ಎನ್ನುತ್ತಾನೆ. ಆ ಹೆಸರಿನ ಮೇಲೆ ನನಗೆ ಬೇಸರವಿಲ್ಲ.

ಜುರಾಲಾ ಅಣೆಕಟ್ಟೆ ದಾಟಿದ ಮೇಲೆ ಕಿಟಕಿಯಿಂದ ಗದ್ದೆಗಳನ್ನು ನೋಡುತ್ತಾ ಹೋದೆ. ಹಸಿರಿನ ನಡುವೆ ಎರಡು ಮೂರು ಕಡೆ ದುಂಡನೆಯ ಕಂದು ಕಲೆಗಳು ಕಂಡವು. ಆಮೇಲೆ ಕಿಟಕಿಯ ಕಡೆ ನೋಡಲಿಲ್ಲ.

ಬದುವಿನ ಮೇಲೆ ಎಣ್ಣೆ ಹೊಡೆಯುವವನು ಪಂಪು ಇಳಿಸಿ ಬೀಡಿ ಸೇದುತ್ತಾ ಕೂತಿದ್ದ. ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

"ಬಾರವ್ವಾ ಬಾ. ನಿನ್ನ ತಂಗಿ ಮುಂಜಾನಿಂದ ಇವ್ನ ಕುಂದರ್ಸ್ಯಾಳ. ಅಕ್ಕ ಬಂದು ಹುಳದ ಜಾತಿ ಕುಲ ಕೇಳ್ತಾಳಂತ."

"ಲಗ್ನ ಮಾಡ್ತೀರೇನ್ರಿ ಅಕ್ಕಾರ?" ಎಂದ ಪಂಪಿನವನು. ನಾನೂ ನಕ್ಕೆ.

ತಂಗಿ ಆಗಲೇ ಸೀರೆ ಎತ್ತಿ ಕಟ್ಟಿ ಗದ್ದೆಯೊಳಗೆ ಇಳಿದಿದ್ದಳು. ಕೈಯಲ್ಲಿ ಸ್ಟೀಲಿನ ತಾಟು, ಅವಳ ಮದುವೆಗೆ ನಾವು ಕೊಟ್ಟದ್ದು. ತಾಟಿನಲ್ಲಿ ಒಂದಿಷ್ಟು ನೀರು ಹಾಕಿ, ಭತ್ತದ ಬುಡಕ್ಕೆ ಓರೆಯಾಗಿ ಹಿಡಿದು, ಇನ್ನೊಂದು ಅಂಗೈಯಿಂದ ದಂಟಿಗೆ ಬಡಿದಳು. ಹುಳಗಳು ನೀರಿಗೆ ಬಿದ್ದವು.

"ಯವ್ವಾ, ಉಣ್ಣೋ ತಾಟು!" ಎಂದರು ಅತ್ತೆ.

ನಾನು ಮಸೂರ ಹಿಡಿದು ಬಗ್ಗಿದೆ. ಕಂದು ಜಿಗಿಹುಳುಗಳು ಹೆಚ್ಚೇ ಇದ್ದವು, ಮರಿಗಳೂ ಇದ್ದವು. ಅವುಗಳ ನಡುವೆ ಹಸಿರು ಮೈ, ಕಪ್ಪು ತಲೆ, ಮೈಗೆ ಹೋಲಿಸಿದರೆ ಬಲು ಉದ್ದದ ಮೀಸೆ. ರೆಕ್ಕೆಯ ಮಡಿಕೆ ಸಿಕ್ಕಿತು. ಒಂದರ ಕೊಕ್ಕಿಗೆ ಕಂದು ಮರಿಯೊಂದು ಇನ್ನೂ ಸಿಕ್ಕಿಕೊಂಡಿತ್ತು, ನೀರಿಗೆ ಬಿದ್ದರೂ ಬಿಟ್ಟಿರಲಿಲ್ಲ. ನಾನು ಮಸೂರವನ್ನು ಅತ್ತೆಯ ಕೈಗೆ ಕೊಟ್ಟೆ.

"ನೋಡ್ರಿ ಅತ್ತಿ. ಹಸರಂದು ನೆಲ್ಲು ತಿನ್ನಾಕ ಬಂದಿಲ್ಲ, ಕೆಂಪಂದನ್ನ ತಿನ್ನಾಕ ಬಂದೈತಿ. ದಂಟಿನ ಒಳಗಿರೋ ಅದರ ತತ್ತಿನೂ ಹೀರ್ತೈತಿ."

ಅವರು ಬಹಳ ಹೊತ್ತು ನೋಡಿದರು. ನಾನು ಇನ್ನೊಂದು ಮಾತನ್ನೂ ಹೇಳಬೇಕಿತ್ತು, ಹೇಳಿದೆ. ಹಸಿರು ತಿಗಣೆ ಸಾಕಷ್ಟಿವೆಯೇ, ಗೆಲ್ಲುತ್ತವೆಯೇ, ನಾನು ಖಾತ್ರಿ ಕೊಡಲಾರೆ. ಬೆಳೆ ಹೋಗಲೂಬಹುದು.

ತಂಗಿ ತಾಟನ್ನು ಬದುವಿನ ಮೇಲೆ ಇಟ್ಟಳು.

"ಎಣ್ಣಿ ಹೊಡದ್ರ ಎರಡೂ ಸಾಯ್ತಾವು. ಕೆಂಪಂದರ ತತ್ತಿ ದಂಟಿನ ಒಳಗ ಅದಾವಂತ ಅಕ್ಕನ ಹೇಳ್ಯಾಳ, ಅವು ಸಾಯಂಗಿಲ್ಲ. ನಾಳಿ ಮರಿ ಹೊರಗ ಬಂದ್ರ ತಿನ್ನಾಕ ಯಾರಿರ್ತಾರ? ನಾ ಹೊಡಸಂಗಿಲ್ಲ. ನೀರು ಹೊರಗ ಬಿಟ್ಟು ಗದ್ದಿ ಆರಿಸ್ತೀನಿ, ನಡುನಡುವ ದಾರಿ ಬಿಡಸ್ತೀನಿ, ಬುಡಕ್ಕ ಗಾಳಿ ಆಡ್ಲಿ."

ಅತ್ತೆ ಅವಳ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಪಂಪಿನವನ ಕಡೆ ತಿರುಗಿ ಹೇಳಿದರು:

"ನಮ್ಮ ಯಜಮಾನ ಒಮ್ಮಿ ಮಾನೋಪಾಡು ಕಡಿಂದ ಹೊಸಾ ನಾಯಿ ತಂದಿದ್ದ, ಹಿಂಡು ಕಾಯಾಕ. ಸಂಜಿ ಮಬ್ಬಿನಾಗ ನಾನ ಅದಕ್ಕ ಕಲ್ಲು ಒಗದೆ, ತೋಳ ಬಂತಂತ. ಮೂರು ಕಾಲಿನ ಮ್ಯಾಲ ಓಡಿಹೋತು, ತಿರುಗಿ ಬರ್ಲಿಲ್ಲ. ಆ ವರ್ಷ ತೋಳಗೋಳು ಹಬ್ಬ ಮಾಡಿದ್ವು." ಸೆರಗಿನ ಗಂಟು ಬಿಚ್ಚಿ, ಕುಲದೇವರು ಬೀರಪ್ಪನ ಭಂಡಾರದ ಅರಿಸಿನ ಚಿಟಿಕೆ ತೆಗೆದು ಗದ್ದೆಯ ಮೇಲೆ ಎರಚಿದರು. ಒಂದಿಷ್ಟು ತಾಟಿನ ಮೇಲೂ ಬಿತ್ತು. "ಹುಳಕ್ಕೂ ಇರ್ಲಿ. ಏ, ನೀ ಎದ್ದು ನಡಿ."

ಆ ದಿನ ನಾವು ಮೂವರೂ ಸಾಲು ಬಿಡಿಸಿದೆವು. ತೆನೆ ಮುರಿಯದಂತೆ ಭತ್ತವನ್ನು ಎರಡೂ ಕಡೆ ಒತ್ತರಿಸುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವ ಕೆಲಸ. ಸಂಜೆ ಬಸ್ಸು ಹತ್ತುವಾಗ ಬೆನ್ನು ನೆಟ್ಟಗಾಗುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ತಂಗಿ ಫೋನು ಮಾಡಿದಳು. ಕಾಲುವೆಯ ಕಡೆಯ ಮೂಲೆಯಲ್ಲಿ ಚಾಪೆಯಷ್ಟು ಅಗಲದ ಕಲೆ ಬಿದ್ದಿತ್ತು. ಇಷ್ಟು ವರ್ಷ ಓದಿದ್ದು, ಹಿಡಿದದ್ದು, ವಿಂಗಡಿಸಿದ್ದು ಯಾವುದೂ ಆಗ ನನ್ನ ಜೊತೆಗೆ ನಿಲ್ಲಲಿಲ್ಲ. "ಆ ಮೂಲಿಗಷ್ಟ ಹೊಡಿಸಿಬಿಡು" ಎಂದೆ.

"ಅಕ್ಕಾ, ಜರಾ ತಡಿ. ಅಲ್ಲೇ ತಾಟು ಹಿಡಿದು ನೋಡೀನಿ. ಕಲಿ ಸುತ್ತಲೂ ಹಸರಂದು ಜಾಸ್ತಿ ಸೇರ್ಯಾವು, ಮೊದಲು ಇಷ್ಟು ಇರ್ಲಿಲ್ಲ. ಕೆಂಪು ಮರಿ ಕಮ್ಮಿ ಆಗ್ಯಾವು. ನೀ ಪರೇಶಾನ್ ಆಗಬ್ಯಾಡ."

ಅವಳ ಧ್ವನಿ ಗಟ್ಟಿಯಾಗಿತ್ತು. ಹೆದರಿದ್ದವಳು ನಾನು. ಹುಳ ಯಾವುದೆಂದು ನಾನು ಹೇಳಿಕೊಟ್ಟಿದ್ದೆ. ಅದನ್ನು ದಿನವೂ ಗದ್ದೆಗಿಳಿದು ನೋಡಿ, ಕಂಡದ್ದನ್ನು ನಂಬಿ ನಿಂತದ್ದು ಅವಳು.

ಕಲೆ ಚಾಪೆಯಷ್ಟಕ್ಕೇ ನಿಂತಿತು. ಅದು ತಿಗಣೆಯೊಂದರಿಂದಲೇ ಎಂದು ನಾನು ಹೇಳಲಾರೆ. ಗದ್ದೆ ಆರಿತ್ತು, ಸಾಲಿನೊಳಗೆ ಗಾಳಿ ಆಡಿತ್ತು, ಚಳಿಯೂ ಶುರುವಾಗಿತ್ತು. ನಾನು ನೋಡಿದ್ದು ಇಷ್ಟು: ಕೊಯ್ಲಿಗೆ ಹೋದಾಗ ಆ ಮೂಲೆ ಬಿಟ್ಟು ಉಳಿದ ಗದ್ದೆಯೆಲ್ಲ ತೆನೆಯ ಭಾರಕ್ಕೆ ಬಾಗಿತ್ತು. ಪುಣೆಯಿಂದ ಬಂದ ಗಂಡ ಬದುವಿನ ಮೇಲೆ ನಿಂತು, "ಈ ಸಲ ಏನ ಹೊಡದ್ರಿ?" ಎಂದು ಕೇಳಿದ. "ತಾಟು ಹೊಡದ್ವಿ" ಎಂದರು ಅತ್ತೆ. ಅವನಿಗೆ ತಿಳಿಯಲಿಲ್ಲ. ತಂಗಿ ನನ್ನ ಕಡೆ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಆ ತಾಟಿನಲ್ಲಿ ಈಗ ಯಾರೂ ಉಣ್ಣುವುದಿಲ್ಲ, ಗದ್ದೆಗೆ ಹೋಗುವ ಬುಟ್ಟಿಯಲ್ಲೇ ಇರುತ್ತದೆ. ಮೊನ್ನೆ ಹೋದಾಗ ಪಕ್ಕದ ಗದ್ದೆಯ ಹೆಂಗಸು, ದೋಮ ಬಿದ್ದಿದೆ, ಏನು ಎಣ್ಣೆ ತರಲಿ ಎಂದು ಅತ್ತೆಯನ್ನು ಕೇಳುತ್ತಿದ್ದಳು. ಅತ್ತೆ ಮನೆಯ ಒಳಗೆ ತಿರುಗಿ ಕೂಗಿದರು:

"ಏ, ತಾಟು ತಗೊಂಡು ಬಾ. ನೋಡಿ ಹೇಳು, ಇಕಿದು ಯಾವ ದೋಮ ಐತಿ ಅಂತ."

ತಂಗಿ ಹೊರಗೆ ಬಂದಳು. ನನ್ನ ಕಡೆ ನೋಡಲೂ ಇಲ್ಲ. ತಾಟು ಕಂಕುಳಲ್ಲಿ ಇಟ್ಟುಕೊಂಡು, ಆ ಹೆಂಗಸಿನ ಮುಂದೆ ಮುಂದೆ ನಡೆದಳು.