ಟೈಲರನ ಜೊತೆ ಕಣ್ಮಾಯಿಗೆ

ನನ್ನ ಗೆಳೆಯ ತಮಿಳುನಾಡಿನ ತೇವಾರ ಎಂಬ ನಮ್ಮೂರಲ್ಲಿ ಟೈಲರ್ ಆಗಿದ್ದ. ಒಂದೇ ಬೀದಿಯಲ್ಲಿ ಬೆಳೆದವರು ನಾವು. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಮೀನು ಹಿಡಿಯುವಾಗ ಎರಡೂ. ನಾನು ಬತ್ತಲಗುಂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೆ ಊರಿಗೆ ಹೋಗುವುದು ಮದುವೆಗೋ ಸಾವಿಗೋ ಎಂಬಂತಾಯಿತು. ಹೋದ ವರ್ಷ ಮಳೆ ನಿಂತ ಮೇಲೆ ಅವನೇ ಫೋನ್ ಮಾಡಿದ.

“ಕಣ್ಮಾಯಿ ತುಂಬೈತೆ ಮಾಪ್ಳೆ. ಭಾನುವಾರ ಬಾ, ಗಾಳ ಹಾಕಾಣ.”

ನಮ್ಮ ಕಡೆ ಗೆಳೆಯನಿಗೆ ಮಾಪ್ಳೆ, ಕೆರೆಗೆ ಕಣ್ಮಾಯಿ ಅನ್ನುತ್ತಾರೆ. ಬೆಟ್ಟದ ಬುಡದಲ್ಲಿರುವ ಅದು ಅಂಥ ದೊಡ್ಡದೇನಲ್ಲ. ಹುಡುಗರಾಗಿದ್ದಾಗ ನಾವು ಅಲ್ಲಿ ಕೆಂಡೆ ಮೀನು ಹಿಡಿಯುತ್ತಿದ್ದೆವು. ಈಗ ಸಿಗುವುದೆಲ್ಲ ಜಿಲೇಬಿ ಮೀನು.

ಬಸ್ ಇಳಿದಾಗ ಅವನು ಎರಡು ಗಾಳದ ಕೋಲು, ಒಂದು ಡಬ್ಬ ಎರೆಹುಳು ಹಿಡಿದು ನಿಂತಿದ್ದ. ನಾನು ಎದುರಿಗೇ ಹೋಗಿ ಕರೆಯುವವರೆಗೂ ಬೇರೆಲ್ಲೋ ನೋಡುತ್ತಿದ್ದ. ಏರಿಯ ಮೇಲೆ ನನ್ನ ಹಿಂದೆಯೇ ನಡೆದ. ತೂಬಿನ ಮೆಟ್ಟಿಲು ಇಳಿಯುವಾಗ ಹೆಗಲ ಮೇಲೆ ಕೈ ಇಟ್ಟ. ಬಹಳ ದಿನದ ಮೇಲೆ ಸಿಕ್ಕಿದ್ದೇವಲ್ಲ, ಅದಕ್ಕೇ ಅಂದುಕೊಂಡೆ.

ಮೋಡ ಬೆಟ್ಟದ ಅರ್ಧಕ್ಕೆ ಇಳಿದಿತ್ತು. ನೀರು ಮಣ್ಣಿನ ಬಣ್ಣ. “ಹುಳ ನೀನೇ ಸಿಗ್ಸು, ಕೈ ಕೊಳೆ ಆಯ್ತದೆ” ಎಂದ. ಬಟ್ಟೆ ಮುಟ್ಟುವವನಲ್ಲವೇ ಎಂದು ಅವನ ಗಾಳಕ್ಕೂ ನಾನೇ ಸಿಕ್ಕಿಸಿಕೊಟ್ಟೆ.

ಒಂದು ಗಂಟೆಯೊಳಗೆ ನನಗೆ ನಾಲ್ಕು ಮೀನು ಬಿದ್ದವು. ನವಿಲುಗರಿಯ ಕಡ್ಡಿಯಿಂದ ಮಾಡಿದ ಅವನ ತೇಲುಬೆಂಡು ಮೀನು ಕಚ್ಚಿ ಮೂರು ಸಲ ಪೂರ್ತಿ ಮುಳುಗಿತು. ಮೂರು ಸಲವೂ ಅವನು ಕೋಲು ಎತ್ತಲಿಲ್ಲ. ಮೂರನೆಯ ಸಲ ನನಗೆ ಸಿಟ್ಟೇ ಬಂತು.

“ಏನ್ ಮಾಪ್ಳೆ, ತೂಕಡಿಸ್ತಾ ಇದ್ದೀಯಾ? ಕುರುಡ ಕೂಡ ಎಳೀತಿದ್ದ!”

ಅವನು ನಗಲಿಲ್ಲ. ಕೋಲನ್ನು ಮೆಲ್ಲಗೆ ಪಕ್ಕಕ್ಕಿಟ್ಟ.

“ಬೆಂಡು ಕಾಣಲ್ಲ ಮಾಪ್ಳೆ. ನಿನ್ ಮೊಕಾನೂ ಸರಿಯಾಗಿ ಕಾಣಲ್ಲ.”

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮಧುರೆಗೆ ಒಬ್ಬನೇ ಹೋಗಿ ತೋರಿಸಿಕೊಂಡು ಬಂದಿದ್ದ; ಹೋದ ದೃಷ್ಟಿ ಹೋಯಿತು, ಇರುವುದೂ ಎಷ್ಟು ದಿನವೋ ಎಂದು ಡಾಕ್ಟರು ಹೇಳಿದ್ದರು. ಹೆಂಡತಿಗೆ ಹೇಳಿರಲಿಲ್ಲ. ಅಂದಾಜಿನ ಮೇಲೆ ಹೊಲಿಯುತ್ತಿದ್ದ.

“ಅವಳ ತಾವ ಹೇಳಕ್ಕೆ ಬಾಯಿ ಬರ್ಲಿಲ್ಲ. ನೀ ಪಕ್ಕದಾಗಿದ್ರೆ ಹೇಳ್ತೀನಿ ಅಂತ ಕರ್ದೆ. ಮೀನೆಲ್ಲ ಸುಮ್ನೆ ಒಂದು ನೆವ.”

ನಾನು ಆಡಿದ ಮಾತು ಬಾಯಲ್ಲಿ ಕಹಿಯಾಗಿ ನಿಂತಿತ್ತು. ಕ್ಷಮಿಸು ಅನ್ನುವುದು ನಮ್ಮಿಬ್ಬರ ನಡುವೆ ಅಭ್ಯಾಸವಿಲ್ಲ. ಅವನ ಗಾಳಕ್ಕೆ ಹೊಸ ಹುಳು ಸಿಕ್ಕಿಸಿದೆ. “ಮುಳುಗಿದ್ರೆ ಹೇಳ್ತೀನಿ, ಎಳಿ” ಎಂದೆ. ಬೆಂಡು ಮತ್ತೆ ಮುಳುಗಲೇ ಇಲ್ಲ. ಮಧ್ಯಾಹ್ನ ಹನಿ ಶುರುವಾದಾಗ ಎದ್ದೆವು. ಈ ಸಲ ಅವನ ಕೈಯನ್ನು ನಾನೇ ಹಿಡಿದುಕೊಂಡೆ.

ಮನೆಯಲ್ಲಿ ಅವನ ಹೆಂಡತಿ ಮೀನು ಇಸಿದುಕೊಂಡು ಹಿತ್ತಲಲ್ಲಿ ಬೂದಿ ಹಾಕಿ ಉಜ್ಜುತ್ತಾ ಕೂತರು. ಅವನು ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, “ಒಂದು ಸಮಾಚಾರ” ಎಂದ. ಮುಂದೆ ಹೇಳಲಾಗದೆ ನನ್ನ ಕಡೆ ತಿರುಗಿದ. ಆಕೆ ತಲೆ ಎತ್ತಲಿಲ್ಲ.

“ಕಣ್ಣಿನ ಸಮಾಚಾರ ತಾನೆ? ನಂಗೊತ್ತು ಅಣ್ಣಾ” ಎಂದು ನನಗೇ ಹೇಳಿದರು. “ಇವ್ರು ಹೊಲ್ದ ರವಿಕೇನ ಆಡಿ ತಿಂಗ್ಳಿಂದ ನಾನೇ ಬಿಚ್ಚಿ ಹೊಲೀತಾವ್ನಿ. ಇವ್ರು ಊಟಕ್ಕೆ ಬಂದಾಗ ಅಂಗಡೀಗೆ ಹೋಗ್ತೀನಿ.”

ಅವನು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೂತುಬಿಟ್ಟ. ತನ್ನ ಕೈ ಇನ್ನೂ ಕೆಲಸಕ್ಕೆ ಬರುತ್ತಿದೆ ಎಂದು ಅವನು ನಂಬಿದ್ದ. ಕಣ್ಣು ಹೋದ ಮಾತನ್ನು ನನ್ನೆದುರು ಅಷ್ಟು ಸಮಾಧಾನವಾಗಿ ಆಡಿದವನು ಆಗ ಅತ್ತ. ಆಕೆ ಮೀನಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತರು. ನಾನು ಬೀದಿಗೆ ಹೋಗಿ ನಿಂತೆ.

ಪೊಂಗಲಿಗೆ ಮೊದಲೇ ಅಂಗಡಿ ಬಿಟ್ಟುಕೊಟ್ಟರು. ಮೆಷಿನ್ ಈಗ ಮನೆಯ ನಡುಮನೆಯಲ್ಲಿದೆ, ಆಕೆ ಹೊಲಿಯುತ್ತಾರೆ. ಬೇಸಿಗೆಗೆ, ಚಿತ್ತಿರೈ ತಿಂಗಳಲ್ಲಿ ಹೋಗಿದ್ದೆ. ಬೆಳಕು ಇದೆಯೋ ಇಲ್ಲವೋ ಅಷ್ಟೇ ಅವನಿಗೆ ತಿಳಿಯುತ್ತದೆ. ಕಣ್ಮಾಯಿಗೆ ಹೋಗೋಣವಾ ಎಂದು ಕೇಳಿದೆ.

“ಬ್ಯಾಡ ಮಾಪ್ಳೆ” ಎಂದ.

ಎರಡನೇ ಸಲ ಕೇಳಲಿಲ್ಲ. ಜಗಲಿಯ ಮೇಲೆ ಒಂದು ಗಂಟೆ ಜೊತೆಗೆ ಕೂತಿದ್ದು, ಬತ್ತಲಗುಂಡಿನ ಬಸ್ ಹತ್ತಿದೆ.